ಫ್ರಿಜ್ಜಿನ ಮೇಲೊಂದು ಬಂಗಾರದ ಕೈ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಕೈ ಇದೆ. ಬಂಗಾರದ ಬಣ್ಣದ, ಹೆಬ್ಬೆರಳಿನಷ್ಟು ಎತ್ತರದ, ಮೊಣಕೈಯಿಂದ ಮೇಲಕ್ಕೆ ನೆಟ್ಟಗೆ ನಿಂತ ಕೈ. ಎರಡು ಬೆರಳು ಎತ್ತಿದೆ, ಉಳಿದವು ಮಡಚಿವೆ. ಹಿಂದೆ ಒಂದು ಆಯಸ್ಕಾಂತವಿದೆ. ಲೈಟ್ ಬಿಲ್ಲು, ಮದುವೆ ಕರೆಯೋಲೆ ಇಂಥವನ್ನು ಹಿಡಿದುಕೊಳ್ಳಲಿ ಎಂದು ಅದನ್ನು ಅಂಟಿಸಿದ್ದು. ಆದರೆ ಪಾಪ, ಅದಕ್ಕೆ ತನ್ನನ್ನು ತಾನು ಹಿಡಿದುಕೊಳ್ಳುವುದೇ ಕಷ್ಟ. ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೆ ಬಿಲ್ಲಿನ ಸಮೇತ ನೆಲಕ್ಕೆ ಬೀಳುತ್ತದೆ.

ಎದುರು ಮನೆಯ ಪದ್ಮಾವತಿಯವರು ಅದನ್ನು ಮೊದಲು ನೋಡಿದ್ದು ಚುನಾವಣೆಯ ಸಮಯದಲ್ಲಿ. ಹೆಪ್ಪಿಗೆ ಮೊಸರು ಕೇಳಲು ಬಂದವರು ಕಣ್ಣರಳಿಸಿ, "ಓಹೋ, ನಿಮ್ಮನೇಲಿ ಕೈನಾ? ನಿಮ್ಮನ್ನ ನೋಡಿದ್ರೆ ಹಾಗನ್ಸಲ್ಲಪ್ಪ" ಅಂದರು.

"ಅಯ್ಯೋ, ಅದು ಮಧ್ಯಯುಗದ್ದು ಕಣ್ರೀ. ನೂರಾರು ವರ್ಷ ಹಳೇದು" ಅಂದೆ.

"ಅಷ್ಟು ಹಳೇ ಪಾರ್ಟೀನಾ!" ಎಂದು ಅವರು ಮೊಸರಿನ ಬಟ್ಟಲು ಹಿಡಿದು ಹೊರಟೇಹೋದರು. ಬೀದಿಯಲ್ಲಿ ನಮ್ಮ ಮನೆಯ ರಾಜಕೀಯ ಅಂದೇ ತೀರ್ಮಾನವಾಯಿತು.

ನನಗಾದರೋ ಆ ಎತ್ತಿದ ಎರಡು ಬೆರಳು ನೋಡಿದಾಗಲೆಲ್ಲ ಪ್ರೈಮರಿ ಸ್ಕೂಲು ನೆನಪಾಗುತ್ತದೆ. ನಮ್ಮ ಕಾಲದಲ್ಲಿ ಒಂದು ಬೆರಳು ಎತ್ತಿದರೆ ಒಂದಕ್ಕೆ, ಎರಡು ಬೆರಳು ಎತ್ತಿದರೆ ಎರಡಕ್ಕೆ. ಮೇಷ್ಟ್ರು ಪಾಠ ನಿಲ್ಲಿಸದೆ ತಲೆಯಾಡಿಸಿಬಿಡುತ್ತಿದ್ದರು. ಮಹಾ ಸಂತನೊಬ್ಬನ ಆಶೀರ್ವಾದದ ಹಸ್ತ ನೋಡಿ ಇಂಥ ನೆನಪು ಬರಬಾರದು ನಿಜ. ಆದರೆ ಬರುತ್ತದೆ, ಏನು ಮಾಡಲಿ? ಅಲ್ಲದೆ ಆ ಕೈ ನಮ್ಮ ಮನೆಗೆ ಬಂದದ್ದಕ್ಕೂ ಒಂದು ಎತ್ತಿದ ಬೆರಳೇ ಕಾರಣ. ಅದನ್ನು ಹೇಳುವ ಮೊದಲು ನನ್ನ ಒಂದು ಚಟದ ವಿಷಯ ಹೇಳಬೇಕು.

ನಾನು ಮಲ್ಲೇಶ್ವರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸಿ ರಿಟೈರಾದವನು. ಕಾಲೇಜು ಬಿಟ್ಟಿತು, ತಿದ್ದುವ ಚಟ ಬಿಡಲಿಲ್ಲ. ಹೋಟೆಲಿನವರು 'ಶುದ್ಧ ತುಪ್ಪದ ದೋಸೆ' ಎಂದು ಬೋರ್ಡು ಹಾಕಿದರೆ, ಶುದ್ಧವಾಗಿರುವುದು ತುಪ್ಪವೋ ದೋಸೆಯೋ ಎಂದು ಕೇಳುತ್ತೇನೆ. ಹೆಂಡತಿ ಸುಮ ಅಡುಗೆ ಸೋಡಕ್ಕೆ ಬೇಕಿಂಗ್ ಪೌಡರ್ ಅಂದರೆ ಒಗ್ಗರಣೆ ಸೀಯುವವರೆಗೂ ವ್ಯತ್ಯಾಸ ವಿವರಿಸುತ್ತೇನೆ. ಕ್ಲಾಸಿನಲ್ಲಿ ವರ್ಷವರ್ಷವೂ ತಪ್ಪದೆ ಹೇಳುತ್ತಿದ್ದ ಒಂದು ಜೋಕೂ ನನ್ನ ಬಳಿ ಇತ್ತು: "ಜರ್ಮನ್ ಸಿಲ್ವರಿನಲ್ಲಿ ಜರ್ಮನಿಯೂ ಇಲ್ಲ, ಸಿಲ್ವರೂ ಇಲ್ಲ. ಇರೋದು ತಾಮ್ರ, ಸತು, ನಿಕ್ಕಲ್." ಕೊನೆಕೊನೆಗೆ ನಾನು 'ಜರ್ಮನ್' ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನವರೇ ಉಳಿದದ್ದನ್ನು ಮುಗಿಸುತ್ತಿದ್ದರು. ನಗುತ್ತಿದ್ದವನು ನಾನೊಬ್ಬನೇ.

ಇನ್ನು ನಮ್ಮ ಲಕ್ಷ್ಮಿಯ ವಿಷಯ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ತೆಂಗಿನಕಾಯಿಗೆ ಕಟ್ಟಲು ಒಂದು ಬೆಳ್ಳಿಯ ಮುಖವಾಡವಿತ್ತು. ಅಜ್ಜಿಯ ಕಾಲದ್ದು. ಅಗಲ ಹಣೆ, ತುಸು ಚಪ್ಪಟೆ ಮೂಗು, ಈಗಷ್ಟೇ ಏನೋ ಕೇಳಿ ನಗು ತಡೆದುಕೊಂಡಂಥ ತುಟಿ. ವರ್ಷವೆಲ್ಲ ಅಜ್ಜಿಯ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿರುತ್ತಿದ್ದಳು. ಹುಡುಗನಾಗಿದ್ದಾಗ ನನಗೆ ಆ ಟ್ರಂಕೆಂದರೆ ಭಯ. ಮೈಯಿಲ್ಲದ ಮುಖ ಒಳಗೆ ಕಣ್ಣು ಬಿಟ್ಟುಕೊಂಡಿದೆ ಎಂದರೆ ಯಾರಿಗೆ ತಾನೆ ಭಯವಿಲ್ಲ? ಒಮ್ಮೆ ಧೈರ್ಯ ಮಾಡಿ, "ಅಜ್ಜೀ, ಲಕ್ಷ್ಮಿಗೆ ಮೈ ಎಲ್ಲಿ?" ಎಂದು ಕೇಳಿದೆ. ಅಜ್ಜಿ ಹುಣಿಸೆಹಣ್ಣಿನಲ್ಲಿ ಅವಳ ಕೆನ್ನೆ ತಿಕ್ಕುತ್ತಿದ್ದಳು. "ಮೈ ಎಲ್ಲಾ ಕಡೆ ಇದೆ ಕಣೋ ಸೀನು. ಮುಖ ಮಾತ್ರ ನಮ್ಮನೇಲಿದೆ" ಅಂದಳು.

ಅಜ್ಜಿಯ ನಂತರ ಲಕ್ಷ್ಮಿ ಅಮ್ಮನ ಪಾಲಿಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಪೂಜೆಗೆ ಕೂರುವುದು ಸುಮ. ಆದರೆ ಕಲಶ ಸಿಂಗರಿಸುವ ಕೆಲಸವನ್ನು ಅಮ್ಮ ಯಾರಿಗೂ ಬಿಟ್ಟಿಲ್ಲ. ಕುಂಕುಮವನ್ನೂ ಬಿಟ್ಟಿಲ್ಲ. ಯಾರಾದರೂ ಹುಬ್ಬೇರಿಸಿದರೆ, "ಅವಳ ಮುಂದೆ ಬೋಳು ಹಣೇಲಿ ಕೂತ್ಕೊಳ್ಳೋಕೆ ನನಗೆ ನಾಚಿಕೆಯಪ್ಪ" ಅನ್ನುತ್ತಾಳೆ.

ಹೀಗಿರುವಾಗ ನಮ್ಮ ಬೀದಿಯ ಒಂದು ಮನೆಗೆ ಕಳ್ಳ ನುಗ್ಗಿ ಬೆಳ್ಳಿ ಚೊಂಬು, ಪಂಚಪಾತ್ರೆ ಎಲ್ಲ ಗುಡಿಸಿಕೊಂಡು ಹೋದ. ಮಾರನೆಯ ದಿನವೇ ನಾನು ಲಕ್ಷ್ಮಿಯನ್ನು ಬ್ಯಾಂಕಿನ ಲಾಕರಿಗೆ ಸೇರಿಸಿಬಿಟ್ಟೆ. "ಅವಳಿಗೆ ಅಲ್ಲಿ ಗಾಳಿ ಆಡುತ್ತೇನೋ?" ಎಂದಳು ಅಮ್ಮ. ಬೆಳ್ಳಿಗೆ ಗಾಳಿ ಬೇಕಿಲ್ಲ, ಗಾಳಿಯಲ್ಲಿರುವ ಗಂಧಕದಿಂದಲೇ ಅದು ಕಪ್ಪಾಗುವುದು ಎಂದು ನಾನು ವಿವರಿಸಿದೆ. ಅಮ್ಮ ವರ್ಷವರ್ಷವೂ ಹಬ್ಬ ಹತ್ತಿರ ಬಂದಾಗ, "ಅವಳನ್ನ ಕರ್ಕೊಂಡು ಬರ್ತೀಯೇನೋ?" ಎಂದು ಒಂದು ಸಲ ಕೇಳುವಳು. ತಂದರೆ ರಾತ್ರಿ ಮನೆಯಲ್ಲಿ ಇಟ್ಟುಕೊಳ್ಳಬೇಕಲ್ಲ ಎಂಬ ಹೆದರಿಕೆಗೆ ನಾನು ಒಂದಲ್ಲ ಒಂದು ನೆಪ ಹೇಳುವೆನು. ಕೊನೆಗೆ ಸುಮ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಒಂದು ಜರ್ಮನ್ ಸಿಲ್ವರ್ ಮುಖವಾಡ ಕೊಂಡು ತಂದಳು. ಥಳಥಳ ಹೊಳೆಯುವ, ಮೂಗು ಚೂಪಾದ, ಹೊಸ ಕಾಲದ ಲಕ್ಷ್ಮಿ. ಅಮ್ಮ ಅವಳಿಗೂ ಚೆನ್ನಾಗಿಯೇ ಸೀರೆ ಉಡಿಸಿದಳು. ಆದರೆ 'ಬದಲಿ ಟೀಚರು' ಎಂದು ಹೆಸರಿಟ್ಟಳು.

ನನ್ನ ರಿಟೈರ್‌ಮೆಂಟಿನ ನೆಪದಲ್ಲಿ ಸುಮ ಯೂರೋಪ್ ಟೂರಿನ ಮಾತೆತ್ತಿದಳು. ಅಡುಗೆಯವರನ್ನೂ ಜೊತೆಗೆ ಕರೆದೊಯ್ದು ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು ಹಾಕುವ ಟೂರು. ಅಮ್ಮ ಬರುವ ಪ್ರಶ್ನೆಯೇ ಇರಲಿಲ್ಲ. ಎಂಬತ್ತು ದಾಟಿದ ಅವಳು ಕುಮಾರ ಪಾರ್ಕಿನ ಚಿಕ್ಕಮ್ಮನ ಮನೆಗೆ ಹೋಗುವುದಕ್ಕೇ ಮಂಡಿನೋವು ಅನ್ನುವವಳು. ನಾನು ಟೂರಿನ ಕಾಗದ ಹಿಡಿದು ಪ್ಯಾರಿಸ್ಸು, ಸ್ವಿಟ್ಜರ್‌ಲ್ಯಾಂಡು ಎಂದು ಓದುತ್ತಿದ್ದರೆ ಅವಳು ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು, "ಜರ್ಮನಿ ಇದೆಯೇನೋ ಅದರಲ್ಲಿ?"

"ಇದೆ. ದಾರೀಲಿ ಸಿಗುತ್ತೆ."

"ಹಾಗಾದ್ರೆ ನಾನೂ ಬರ್ತೀನಿ."

ನಾನೂ ಸುಮಳೂ ಮುಖ ಮುಖ ನೋಡಿಕೊಂಡೆವು. ಅಪ್ಪ ಬದುಕಿದ್ದಾಗ ಜರ್ಮನ್ ಮಿಷಿನ್ನುಗಳನ್ನು ಬಹಳ ಹೊಗಳುತ್ತಿದ್ದರು. ಅದಕ್ಕೇ ಇರಬೇಕು ಎಂದುಕೊಂಡು ಪಾಸ್‌ಪೋರ್ಟಿಗೆ ಓಡಾಡಿದೆ. ಕಾರಣ ಕೇಳಲಿಲ್ಲ.

ಜರ್ಮನಿಯ ಆ ಊರಿನ ಹೆಸರು ಹೇಳಲು ಹೋಗಿ ಒಮ್ಮೆ ನನ್ನ ಹಲ್ಲಿನ ಸೆಟ್ಟು ಅಲುಗಾಡಿದ್ದರಿಂದ ಮತ್ತೆ ಆ ಸಾಹಸ ಮಾಡುವುದಿಲ್ಲ. ಕೋಡುಗಲ್ಲಿನ ಹಾಗೆ ಆಕಾಶಕ್ಕೆ ಚುಚ್ಚಿದ ದೊಡ್ಡ ಇಗರ್ಜಿ, ಅದರ ಮುಂದೆ ಕಲ್ಲು ಹಾಸಿದ ಅಂಗಳ. ಬಸ್ಸಿನಿಂದ ಇಳಿದವರೆಲ್ಲ ಚಾಕಲೇಟಿನ ಅಂಗಡಿಗೆ ನುಗ್ಗಿದರು. ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಒಂದು ಬೆರಳು ಎತ್ತಿದಳು.

ಹುಡುಕಿದರೆ ಹತ್ತಿರದಲ್ಲಿ ಇದ್ದ ಶೌಚಾಲಯ ಒಂದೇ, ಅದೂ ಇಗರ್ಜಿಯ ಮ್ಯೂಸಿಯಮ್ಮಿನ ಒಳಗೆ. ಟಿಕೆಟ್ ಇಲ್ಲದೆ ಬಿಡುವುದಿಲ್ಲ ಅಂದರು. ತಗೊಂಡೆವು. ಅಮ್ಮನ ಕೆಲಸವಾದ ಮೇಲೆ ಹೊರಡಬಹುದಿತ್ತು. ಆದರೆ ದುಡ್ಡು ಕೊಟ್ಟ ಮೇಲೆ ನೋಡದೆ ಬರುವುದು ನಮ್ಮ ವಂಶದಲ್ಲೇ ಇಲ್ಲ.

ಒಳಗೆ ದೇವರಮನೆಯ ಕತ್ತಲು. ಗಾಜಿನ ಪೆಟ್ಟಿಗೆಗಳ ಒಳಗೆ ಮಾತ್ರ ದೀಪ. ಹರಳು ಕೂರಿಸಿದ ಶಿಲುಬೆಗಳು, ಚಿನ್ನದ ಬಟ್ಟಲುಗಳು, ದಂತದಲ್ಲಿ ಕೆತ್ತಿದ ಪುಟ್ಟ ಪುಟ್ಟ ಕಥೆಗಳು. ಸುಮ ಯಾವುದೋ ಧರ್ಮಗುರುವಿನ ಪೂಜೆಯ ನಿಲುವಂಗಿಯ ಮುಂದೆ ನಿಂತುಬಿಟ್ಟಳು. "ರೀ, ಒರಿಜಿನಲ್ ಜರಿ ಕಣ್ರೀ ಇದು. ಈಗ ಇಂಥದ್ದು ಎಲ್ಲಿ ಬರುತ್ತೆ?" ಅಂದಳು. ಮರದಲ್ಲಿ ಕೆತ್ತಿದ ತಾಯಿ ಮಗುವನ್ನು ಕಂಡು ಅಮ್ಮ, "ಯಶೋದೆ. ನೋಡೋ, ಕೈಯಲ್ಲಿ ಬೆಣ್ಣೆ ಉಂಡೆ" ಅಂದಳು. ಅದು ಸೇಬು ಎಂದು ನಾನು ತಿದ್ದಿದೆ. "ಹಸುಗೂಸಿಗೆ ಯಾರಾದ್ರೂ ಇಡೀ ಸೇಬು ಕೊಡ್ತಾರೇನೋ? ಬೆಣ್ಣೇನೇ" ಎಂದು ಅಮ್ಮ ಮುಂದೆ ನಡೆದಳು.

ಮುಂದೆ ಸಿಕ್ಕಿದ್ದೇ ಈ ಕೈ. ನಿಜವಾದದ್ದು, ಆಳಿನ ತೋಳಿನಷ್ಟೇ ಉದ್ದ. ತೋಳಿನ ಬಟ್ಟೆಯ ನೆರಿಗೆ ಸಹ ಲೋಹದಲ್ಲಿ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಅಂಚಿಗೆ ಹರಳು, ನಡುವೆ ಒಂದು ಪುಟ್ಟ ಗಾಜಿನ ಕಿಂಡಿ.

"ಹಸ್ತದ ಕವಚ!" ಅಂದಳು ಅಮ್ಮ, ನಮ್ಮ ದೇವಸ್ಥಾನಗಳಲ್ಲಿ ಮೂರ್ತಿಗೆ ತೊಡಿಸುವ ಬೆಳ್ಳಿಯ ಕೈಯನ್ನು ನೆನೆದು. "ಕಿಂಡಿ ಒಳಗೆ ಏನಿದೆಯಂತೆ?"

ಚೀಟಿ ಓದಿದೆ. ಸಂತರೊಬ್ಬರ ಕೈಮೂಳೆ. ನನಗೆ ಬೆವರಿತು. ಮೂಳೆ ಎಂದರೆ ಮೈಲಿಗೆ, ಮೈಲಿಗೆ ಎಂದರೆ ಸ್ನಾನ, ಈ ಪರದೇಶದ ಚಳಿಯಲ್ಲಿ ಸ್ನಾನ ಎಲ್ಲಿ? "ಗಂಧದ ಚಕ್ಕೆ" ಅಂದೆ.

ಅಮ್ಮ ನನ್ನನ್ನೊಮ್ಮೆ ನೋಡಿ ಮತ್ತೆ ಆ ಕೈ ನೋಡಿದಳು. ಬಹಳ ಹೊತ್ತು ನೋಡಿ, "ಜರ್ಮನ್ ಸಿಲ್ವರ್ರು" ಅಂದಳು.

ನನ್ನಿಂದ ತಡೆಯಲಾಗಲಿಲ್ಲ. "ಅಮ್ಮಾ, ಇದು ಅಪ್ಪಟ ಬೆಳ್ಳಿ, ಮೇಲೆ ಚಿನ್ನದ ಲೇಪ. ಜರ್ಮನ್ ಸಿಲ್ವರ್ ಅಂತ ಹೆಸರು ಬಂದದ್ದು ಇದಾಗಿ ಎಷ್ಟೋ ಕಾಲ ಆದ ಮೇಲೆ. ಅದರಲ್ಲಿ ಜರ್ಮನಿಯೂ ಇಲ್ಲ..."

"ಸಿಲ್ವರೂ ಇಲ್ಲ" ಎಂದು ಜರಿಯ ಕಡೆಯಿಂದ ಸುಮ ಮುಗಿಸಿದಳು.

"ಜರ್ಮನೀಲಿ ಮಾಡಿದ ಸಿಲ್ವರು ಜರ್ಮನ್ ಸಿಲ್ವರ್ ಅಲ್ದೆ ಚಿಕ್ಕಪೇಟೆ ಸಿಲ್ವರೇನೋ?" ಅಂದಳು ಅಮ್ಮ. ಇದಕ್ಕೆ ಕೆಮಿಸ್ಟ್ರಿಯಲ್ಲಿ ಉತ್ತರವಿಲ್ಲ.

ಅಷ್ಟರಲ್ಲೇ ಅವಳು ಸೊಂಟದ ಚೀಲದಿಂದ ಕುಂಕುಮದ ಭರಣಿ ತೆಗೆದು, ಗಾಜಿನ ಮೇಲೆ, ಸರಿಯಾಗಿ ಆ ಕೈಯ ಮುಂದೆ, ದುಂಡಗೆ ಒಂದು ಬೊಟ್ಟಿಟ್ಟು ಕೈಮುಗಿದಳು. ಮೂಲೆಯ ಕುರ್ಚಿಯಲ್ಲಿದ್ದ ಕಾವಲಿನ ಹೆಂಗಸು ಎದ್ದು ಬಂದರು. ಸುಮಾರು ನನ್ನ ವಯಸ್ಸಿನವರು, ಕಟ್ಟುಮಸ್ತಾದ ಆಳು. "ಪ್ಲೀಸ್, ನೋ ಟಚ್!" ಎಂದರು. ನನಗೆ ಪೊಲೀಸು, ಜೈಲು, ತಪ್ಪಿದ ಬಸ್ಸು ಎಲ್ಲ ಒಟ್ಟಿಗೆ ಕಂಡವು. "ಸಾರಿ, ಸಾರಿ" ಎನ್ನುತ್ತ ಕರ್ಚೀಫು ತೆಗೆದೆ.

ಅಮ್ಮ ಮಾತ್ರ ಬೀಗಿತ್ತಿಯನ್ನು ಕಂಡವಳಂತೆ ನಕ್ಕು, ಗಾಜಿನ ಕಡೆ ಬೆರಳು ತೋರಿಸಿ, "ಜರ್ಮನ್ ಸಿಲ್ವರ್!" ಅಂದಳು.

ಆ ಹೆಂಗಸಿನ ಮುಖ ಅರಳಿತು ನೋಡಿ. "ಯೆಸ್! ಯೆಸ್! ಜರ್ಮನ್ ಸಿಲ್ವರ್! ವೆರಿ ಓಲ್ಡ್, ವೆರಿ ಗುಡ್!"

ತಮ್ಮೂರಿನ ಅಕ್ಕಸಾಲಿಗರ ಕೆಲಸ ಅನ್ನುವ ಹೆಮ್ಮೆ ಅವರಿಗೆ. ಅಮ್ಮನಿಗೆ ಯಾವ ಹೆಮ್ಮೆಯೋ ನನಗೆ ಆಗ ತಿಳಿಯಲಿಲ್ಲ. ಇಬ್ಬರೂ ಕೈಹಿಡಿದು ತಲೆಯಾಡಿಸುತ್ತಿದ್ದರು. ಇಬ್ಬರನ್ನೂ ತಿದ್ದಬೇಕಾದ ನಾನು ನಡುವೆ ನಿಂತು ಗಾಜು ಒರೆಸುತ್ತಿದ್ದೆ. ಅಮ್ಮ ಆಕೆಯ ಹಣೆಗೂ ಕುಂಕುಮವಿಟ್ಟು ಕೇಳಿದಳು, "ಹೀಗೆ ಒಳಗೇ ಕೂಡಿಹಾಕ್ತೀರೋ, ಹಬ್ಬಕ್ಕಾದ್ರೂ ಹೊರಗೆ ಕರ್ಕೊಂಡು ಹೋಗ್ತೀರೋ ಕೇಳು."

ಕೇಳಿದೆ. ಆಕೆ ಉತ್ಸಾಹದಿಂದ ಹೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳತೊಡಗಿದೆ. "ವರ್ಷಕ್ಕೊಂದು ಸಲ, ಆ ಸಂತರ ಹಬ್ಬದ ದಿನ, ಬೀಗ ತೆಗೆದು ಇಗರ್ಜಿಗೆ ಕರ್ಕೊಂಡು ಹೋಗ್ತಾರಂತೆ. ಊರೆಲ್ಲಾ ಬಂದು..." ಅರ್ಧದಲ್ಲೇ ನನ್ನ ಬುದ್ಧಿಗೇಡಿತನ ಗೊತ್ತಾಯಿತು. ಆದರೆ ಮಾತು ಬಾಯಿಂದ ಹೊರಟಾಗಿತ್ತು.

"ಕೇಳಿಸ್ಕೊಂಡ್ಯಾ?" ಅಂದಳು ಅಮ್ಮ, ಅಷ್ಟೇ.

ಬಾಗಿಲ ಬಳಿಯ ಅಂಗಡಿಯಲ್ಲಿ ಅವಳೇ ಈ ಆಯಸ್ಕಾಂತದ ಕೈ ಆರಿಸಿದಳು. ಯಾರಿಗೆ ಎಂದರೆ, "ಬೇಕಾಗುತ್ತೆ, ತಗೋ" ಅಂದಳು. ಬಸ್ಸು ಹೊರಟು ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ, "ಗಂಧದ ಚಕ್ಕೆಯಂತೆ ಗಂಧದ ಚಕ್ಕೆ. ಮೂಳೆ ಅಂತ ನನಗೆ ಗೊತ್ತಾಗಲ್ವೇನೋ?" ಅಂದಳು.

"ಮತ್ತೆ ಮೈಲಿಗೆ?"

"ಮಠದಲ್ಲಿ ಸ್ವಾಮಿಗಳ ಬೃಂದಾವನಕ್ಕೆ ಪ್ರದಕ್ಷಿಣೆ ಹಾಕ್ತೀಯಲ್ಲ, ಅದರೊಳಗೇನು ಗಂಧದ ಚಕ್ಕೆ ಇದೆಯಾ?" ಆಮೇಲೆ ಅವಳ ದನಿ ತಗ್ಗಿತು. "ಸೀನು, ಈ ಸಲ ಅವಳನ್ನ ಮನೆಗೆ ಕರ್ಕೊಂಡು ಬಾರೋ. ಇನ್ನೆಷ್ಟು ಹಬ್ಬ ಮಾಡ್ತೀನೋ ನಾನು. ಒಂದು ಸಲ ಆ ಮುಖಕ್ಕೆ ನನ್ನ ಕೈಯಾರೆ ಸೀರೆ ಉಡಿಸ್ಬೇಕು." ಆಗಲಿ ಎಂದೆ.

ಶ್ರಾವಣ ಬಂತು. ಹಬ್ಬಕ್ಕೆ ಮುಂಚೆ ಬ್ಯಾಂಕಿಗೆ ಹೋಗಿ ಲಕ್ಷ್ಮಿಯನ್ನು ಬಿಡಿಸಿಕೊಂಡೆ. ಕಳ್ಳರ ಕಣ್ಣು ತಪ್ಪಿಸಲು ತರಕಾರಿ ಚೀಲದಲ್ಲಿಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಹರಡಿ, ಎದೆಗವಚಿಕೊಂಡು ಆಟೋ ಹತ್ತಿದೆ. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ, "ಏನ್ ಸಾರ್ ಚೀಲದಲ್ಲಿ?" ಅಂದ.

"ಕೊತ್ತಂಬರಿ ಸೊಪ್ಪು."

"ಸೊಪ್ಪನ್ನ ಯಾರ್ ಸಾರ್ ಹಿಂಗ್ ತಬ್ಕೊಂಡಿರ್ತಾರೆ? ಅಷ್ಟೊಂದು ರೇಟಾ ಈಗ?"

ಮನೆಯಲ್ಲಿ ಅಮ್ಮ ಹುಣಿಸೆಹಣ್ಣು ನೆನೆಹಾಕಿ ಕೂತಿದ್ದಳು. ನಾನು ಬಿಡಲಿಲ್ಲ. ಬೆಳ್ಳಿ ತಿಕ್ಕಬಾರದು, ಸವೆಯುತ್ತದೆ, ವೈಜ್ಞಾನಿಕ ವಿಧಾನ ತೋರಿಸುತ್ತೇನೆ ಎಂದು ಬಚ್ಚಲಿಗೆ ನಡೆದೆ. ಟಬ್ಬಿನ ತಳಕ್ಕೆ ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆ, ಮೇಲೆ ಬಿಸಿನೀರು, ಅಡುಗೆ ಸೋಡ. ಅದರಲ್ಲಿ ಬೆಳ್ಳಿ ಮುಳುಗಿಸಿದರೆ ಕಪ್ಪೆಲ್ಲ ತಾನಾಗಿ ಬಿಟ್ಟುಕೊಂಡು ಹೊಳೆಯುತ್ತದೆ. ಎಷ್ಟೋ ಬ್ಯಾಚಿನ ಹುಡುಗರಿಗೆ ತೋರಿಸಿದ್ದೇನೆ, ಎಂದೂ ಕೈಕೊಟ್ಟಿಲ್ಲ.

ಕಾದೆ. ಏನೂ ಆಗಲಿಲ್ಲ. ಇನ್ನಷ್ಟು ಸೋಡ ಹಾಕಿದೆ. ಲಕ್ಷ್ಮಿ ಬಿಸಿನೀರಿನಲ್ಲಿ ಮಲಗಿ, ನಗು ತಡೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ಎತ್ತಿ ಬೆಳಕಿಗೆ ಹಿಡಿದೆ. ಕಪ್ಪು ಎಂದುಕೊಂಡದ್ದು ಕಪ್ಪಲ್ಲ, ಹಸಿರು. ಮೂಗಿನ ಒಳಬದಿಯಲ್ಲಿ, ಕಿವಿಯ ಸಂದಿಯಲ್ಲಿ, ತಾಮ್ರಕ್ಕೆ ಹಿಡಿಯುವ ಆ ಹಸಿರು. ಅಲ್ಲಿಯೇ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತೆ. ತಾಮ್ರ, ಸತು, ನಿಕ್ಕಲ್. ಜನ್ಮವೆಲ್ಲ ಬೋರ್ಡಿನ ಮೇಲೆ ಬರೆದವನು, ಬಾಡಿಗೆ ಕಟ್ಟಿ ಲಾಕರಿನಲ್ಲಿ ಬಚ್ಚಿಟ್ಟದ್ದು ಇದನ್ನು. ಅವಳ ಬದಲಿಗೆ ಮನೆಯಲ್ಲಿ ಕೂತದ್ದೂ ಇದೇ ಲೋಹ. ಡೂಪ್ಲಿಕೇಟಿಗೆ ಡೂಪ್ಲಿಕೇಟು!

ಅಡುಗೆಮನೆಗೆ ಹೋಗಿ ಸುಮಳ ಕಿವಿಯಲ್ಲಿ ಹೇಳಿದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ತಟ್ಟನೆ ನಗು ನಿಲ್ಲಿಸಿ, "ರೀ, ಅತ್ತೆಗೆ ಹೇಳ್ಬೇಡಿ. ಪಾಪ, ಜೀವನಪೂರ್ತಿ ಬೆಳ್ಳಿ ಅಂದ್ಕೊಂಡಿದಾರೆ" ಅಂದಳು. ನನಗೂ ಅದೇ ಸಂಕಟ. ಸುಳ್ಳು ಹೇಳುವುದು ಕಷ್ಟವಲ್ಲ, ತಿದ್ದದೆ ಇರುವುದು ಕಷ್ಟ. ಆದರೂ ಗಟ್ಟಿ ಮನಸ್ಸು ಮಾಡಿ, ಮುಖವಾಡವನ್ನು ಒರೆಸಿ ಅಮ್ಮನ ಮಡಿಲಲ್ಲಿಟ್ಟು, "ತಗೋಮ್ಮ. ಒಳ್ಳೇ ಗಟ್ಟಿ ಬೆಳ್ಳಿ. ಈ ಕಾಲದಲ್ಲಿ ಸಿಗಲ್ಲ" ಅಂದೆ.

"ಬೆಳ್ಳಿ ಎಲ್ಲಿಂದ ಬಂತೋ?" ಅಂದಳು ಅಮ್ಮ, ಅವಳ ಕೆನ್ನೆಗೆ ಹುಣಿಸೆಹಣ್ಣು ಹಚ್ಚುತ್ತ. "ಅವಳು ಜರ್ಮನ್ ಸಿಲ್ವರ್ರು."

ಅಮ್ಮ ಹೇಳಿದ್ದು ಇಷ್ಟು. ಬೆಳ್ಳಿಯ ಲಕ್ಷ್ಮಿ ನಿಜಕ್ಕೂ ಇದ್ದಳು. ತಾತ ಬಿನ್ನಿಪೇಟೆಯ ಗಿರಣಿಯಲ್ಲಿ ಗುಮಾಸ್ತರಾಗಿದ್ದಾಗ, ಅಪ್ಪ ಇನ್ನೂ ಹುಡುಗ. ಅಪ್ಪನಿಗೆ ವಿಷಮಶೀತ ಜ್ವರ ಬಂದು ಬದುಕುವುದೇ ಅನುಮಾನವಾಯಿತು. ಅಜ್ಜಿ ಯಾರಿಗೂ ಹೇಳದೆ ಲಕ್ಷ್ಮಿಯನ್ನು ಪೇಟೆಗೆ ಒಯ್ದು ಮಾರಿ ಔಷಧಿ ತಂದಳು. ಬರುವಾಗ, ಶುಕ್ರವಾರಕ್ಕೆ ದೇವರಮನೆ ಬರಿದಾಗಬಾರದೆಂದು ಅದೇ ಬೀದಿಯಲ್ಲಿ ಈ ಮುಖ ಕೊಂಡಳು. ಅಂಗಡಿಯವನು, "ಜರ್ಮನ್ ಸಿಲ್ವರ್ ತಾಯಿ, ಬೆಳ್ಳಿ ಹಾಗೇ ಕಾಣುತ್ತೆ" ಅಂದನಂತೆ. ಅಪ್ಪನ ಜ್ವರ ಇಳಿಯಿತು. ಅಜ್ಜಿ ಸೊಸೆಗೆ ಲಕ್ಷ್ಮಿಯನ್ನು ಒಪ್ಪಿಸುವಾಗ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಇವಳ ತವರು ಜರ್ಮನಿ ಕಣೇ. ಅಷ್ಟು ದೂರದಿಂದ ಬಂದು ನನ್ನ ಮಗನ್ನ ಉಳಿಸಿದಾಳೆ. ಚೆನ್ನಾಗಿ ನೋಡ್ಕೋ."

"ಅದಕ್ಕೇ ಜರ್ಮನಿ ಅಂದ್ರೆ ಬರ್ತೀನಿ ಅಂದ್ಯಾ?"

"ಹೂಂ. ಇಷ್ಟು ವರ್ಷ ಅವಳ ಕೈಲಿ ಬೇಡಿದ್ದೆಲ್ಲಾ ಇಸ್ಕೊಂಡಿದೀವಿ. ಅವಳ ತವರಿನವರನ್ನ ಒಂದು ಸಲ ಮಾತಾಡಿಸ್ಕೊಂಡು ಬರೋದು ಬೇಡ್ವಾ?"

"ಮತ್ತೆ ಲಾಕರಿಗೆ ಇಡುವಾಗ ಯಾಕಮ್ಮ ಹೇಳ್ಲಿಲ್ಲ?"

ಅಮ್ಮ ತಿಕ್ಕುವುದನ್ನು ನಿಲ್ಲಿಸಿದಳು. "ಅಜ್ಜಿಯ ಹಿತ್ತಾಳೆ ಗಂಗಾಳ ಕೊಟ್ಟು ಪ್ಲಾಸ್ಟಿಕ್ ಬಕೆಟ್ಟು ತಂದವನಲ್ವೇನೋ ನೀನು? ಜರ್ಮನ್ ಸಿಲ್ವರ್ ಅಂದಿದ್ರೆ ಅವಳನ್ನೂ ಹಳೇ ಪಾತ್ರೆಯವನಿಗೆ ಹಾಕ್ಬಿಡ್ತಿದ್ದೆ. ಬೆಳ್ಳಿ ಅಂದ್ಕೊಂಡಾದ್ರೂ ಜೋಪಾನ ಮಾಡ್ಲಿ ಅಂತ ಸುಮ್ನಿದ್ದೆ."

ನಾನು ಅವಳ ಪಕ್ಕದಲ್ಲಿ ಕೂತು ಹುಣಿಸೆಹಣ್ಣು ಕಿವುಚಿಕೊಟ್ಟೆ.

ಆ ವರ್ಷದ ಹಬ್ಬದಲ್ಲಿ ಲಕ್ಷ್ಮಿ ಮಾವಿನಕಾಯಿ ಬಣ್ಣದ ಸೀರೆಯುಟ್ಟು ಕೂತಳು. ಅಮ್ಮ ಬದಲಿ ಟೀಚರನ್ನೂ ಕೈಬಿಡಲಿಲ್ಲ. "ಇಬ್ಬರೂ ಒಂದೇ ತವರಿನವರು, ಜೊತೆಗಿರಲಿ" ಎಂದು ಪಕ್ಕದಲ್ಲೇ ಕೂರಿಸಿದಳು. ಫ್ರಿಜ್ಜಿನ ಮೇಲಿಂದ ಆ ಬಂಗಾರದ ಕೈಯನ್ನು ಕಿತ್ತು ತಂದು, ಅರಿಶಿನ ಕುಂಕುಮ ಹಚ್ಚಿ, ಲಕ್ಷ್ಮಿಯ ಮಡಿಲಿನ ಅಕ್ಕಿಯ ಮೇಲಿಟ್ಟಳು. ತವರಿನಿಂದ ಬಂದ ಉಡುಗೊರೆ ಅದು. ಈಗಲೂ ಹಬ್ಬದ ದಿನ ಅದರ ಜಾಗ ಅಲ್ಲಿ, ಮಿಕ್ಕ ದಿನ ಫ್ರಿಜ್ಜಿನ ಮೇಲೆ. ಲಕ್ಷ್ಮಿ ಮತ್ತೆ ಲಾಕರಿಗೆ ಹೋಗಲಿಲ್ಲ.

ಸಂಜೆ ಕುಂಕುಮಕ್ಕೆ ಬಂದ ಪದ್ಮಾವತಿಯವರು ಆರತಿಯ ಬೆಳಕಿನಲ್ಲಿ ಬಗ್ಗಿ ಬಗ್ಗಿ ನೋಡಿ, "ಎಷ್ಟು ಲಕ್ಷಣವಾಗಿದಾಳೆ! ಪ್ಯೂರ್ ಸಿಲ್ವರಾ?" ಎಂದು ಕೇಳಿದರು. ಅಮ್ಮ ನನ್ನ ಕಡೆ ನೋಡಿದಳು. ಸುಮಳೂ ನೋಡಿದಳು. ತಾಮ್ರ, ಸತು, ನಿಕ್ಕಲ್ ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದವು.

"ಅವಳ ತವರು ಜರ್ಮನಿ ಕಣ್ರೀ" ಅಂದೆ.

"ಓ, ಇಂಪೋರ್ಟೆಡ್ಡಾ!" ಎಂದು ಪದ್ಮಾವತಿಯವರು ಕೆನ್ನೆ ಕೆನ್ನೆ ಬಡಿದುಕೊಂಡರು.

ಒಂದು ಸಂಗತಿ ಮಾತ್ರ ಇನ್ನೂ ನನ್ನ ಹೊಟ್ಟೆಯೊಳಗೇ ಇದೆ. ನಿಮಗೆ ಹೇಳಿಬಿಡುತ್ತೇನೆ, ನಮ್ಮ ಮನೆಗೆ ಬಂದಾಗ ದಯವಿಟ್ಟು ಬಾಯಿ ಬಿಡಬೇಡಿ. ಈ ಲೋಹ ಜರ್ಮನಿಯವರು ಕಂಡುಹಿಡಿದದ್ದಲ್ಲ. ಅವರಿಗಿಂತ ಎಷ್ಟೋ ಕಾಲ ಮೊದಲೇ ಅದನ್ನು ಮಾಡುತ್ತಿದ್ದವರು ಚೀನಾದವರು. ಜರ್ಮನಿಯವರು ಅದನ್ನು ನೋಡಿ ಮಾಡಿದರು, ಹೆಸರು ಮಾತ್ರ ಇವರದಾಯಿತು. ಇದನ್ನು ಅಮ್ಮನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಅವಳು ಹೂಬತ್ತಿ ಹೊಸೆಯುತ್ತ, "ಹಾಗಾದ್ರೆ ಅದು ಅಜ್ಜಿ ಮನೆ" ಎಂದು ಚೀನಾಕ್ಕೆ ಹೊರಟು ನಿಲ್ಲುತ್ತಾಳೆ.